ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕುವ ಊರು

ಫ್ರಾನ್ಸಿನಲ್ಲಿ ಸುಮಾರು 35,000 ಕೊಮ್ಯೂನ್‌ಗಳಿವೆ. ಕೊಮ್ಯೂನ್ ಎಂದರೆ ಅಲ್ಲಿನ ಸ್ಥಳೀಯ ಆಡಳಿತದ ಅತಿ ಚಿಕ್ಕ ಘಟಕ. ಪ್ಯಾರಿಸ್ ಮಹಾನಗರವೂ ಒಂದು ಕೊಮ್ಯೂನ್, ಬೆಟ್ಟದ ತಪ್ಪಲಿನಲ್ಲಿರುವ ನೂರು ಜನರ ಹಳ್ಳಿಯೂ ಒಂದು ಕೊಮ್ಯೂನ್. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಜನಸಂಖ್ಯೆ 500 ದಾಟುವುದಿಲ್ಲ. ಕ್ರಾಂತಿ ನಡೆದ 1789ರ ಡಿಸೆಂಬರಿನಲ್ಲಿ ಈ ವ್ಯವಸ್ಥೆ ಹುಟ್ಟಿತು. ಅಂದಿನಿಂದ ಎಷ್ಟೇ ಸಣ್ಣ ಊರಾದರೂ ತನ್ನದೇ ಮೇಯರ್, ತನ್ನದೇ ಕಚೇರಿ, ತನ್ನದೇ ಮಂಡಳಿಯನ್ನು ಉಳಿಸಿಕೊಂಡು ಬಂದಿದೆ. ಮೇಯರ್ ಅವಧಿ ಆರು ವರ್ಷ. ಜನನ ಮರಣದ ದಾಖಲೆ, ಮದುವೆಯ ನೋಂದಣಿ, ಸ್ಮಶಾನದ ಜಾಗ, ಮನೆ ಕಟ್ಟಲು ಬೇಕಾದ ಅರ್ಜಿ ಎಲ್ಲವೂ ಆ ಕಚೇರಿಯ ಮೇಜಿನ ಮೇಲೆಯೇ ಬರುತ್ತವೆ. ಸಣ್ಣ ಊರುಗಳಲ್ಲಿ ಅದು ವಾರಕ್ಕೆ ಎರಡು ಮೂರು ದಿನ, ದಿನಕ್ಕೆ ಕೆಲವೇ ಗಂಟೆ ತೆರೆದಿರುತ್ತದೆ.

ಇಂಥ ಹಳ್ಳಿಗಳ ಬದುಕನ್ನು ಹತ್ತಿರದಿಂದ ನೋಡಲು ದೇಶದ ನಡುಭಾಗದ ಕ್ರೋಜ್ ಜಿಲ್ಲೆ ಒಳ್ಳೆಯ ಜಾಗ. ಅದರ ವಿಸ್ತೀರ್ಣ ಸುಮಾರು 5,500 ಚದರ ಕಿಲೋಮೀಟರ್. ನಮ್ಮ ಕೊಡಗಿಗಿಂತ ದೊಡ್ಡದು. 2011ರ ಜನಗಣತಿಯಲ್ಲಿ ಕೊಡಗಿನಲ್ಲಿ ಐದೂವರೆ ಲಕ್ಷ ಜನರಿದ್ದರೆ, ಕ್ರೋಜ್‌ನಲ್ಲಿ ಇಂದು ಇರುವವರು ಒಂದು ಲಕ್ಷ ಚಿಲ್ಲರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ಗ್ರಾನೈಟ್ ಕಲ್ಲಿನ ಆ ನಾಡಿನ ಗಂಡಸರು ಗಾರೆ ಕೆಲಸಕ್ಕೆಂದು ವಸಂತದಲ್ಲಿ ಪ್ಯಾರಿಸ್‌ಗೆ ನಡೆದುಕೊಂಡು ಹೋಗಿ, ಚಳಿಗಾಲಕ್ಕೆ ಮರಳುತ್ತಿದ್ದರು. ಕಾಲ ಕಳೆದಂತೆ ಹೋದವರು ಅಲ್ಲೇ ನೆಲೆಯಾದರು. ಈಶಾನ್ಯದ ಮ್ಯೋಜ್ ಜಿಲ್ಲೆಯಿಂದ ನೈಋತ್ಯದ ಲಾಂದ್ ಜಿಲ್ಲೆಯವರೆಗೆ ಓರೆಯಾಗಿ ಹಾಯುವ ಇಂಥ ವಿರಳ ಜನವಸತಿಯ ಪಟ್ಟಿಗೆ ಭೂಗೋಳ ತಜ್ಞರು ‘ಖಾಲಿ ಕರ್ಣ’ ಎಂದು ಹೆಸರಿಟ್ಟಿದ್ದಾರೆ.

ಪಟ್ಟಣ ಬಿಟ್ಟು ಇಂಥ ಊರಿಗೆ ಬಂದು ನೆಲೆಸುವವರು ಇಂದೂ ಇದ್ದಾರೆ. ನಿವೃತ್ತರು, ಮನೆಯಿಂದಲೇ ಕೆಲಸ ಮಾಡುವವರು, ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನಿಂದ ಬಂದವರು ಪಾಳುಬಿದ್ದ ಕಲ್ಲಿನ ಮನೆಗಳನ್ನು ಕೊಂಡು ಬಾಳು ಕಟ್ಟಿಕೊಳ್ಳುತ್ತಾರೆ. ಮೊದಲ ವರ್ಷವೆಲ್ಲ ಅವರಿಗೆ ಸಣ್ಣಪುಟ್ಟ ಫಜೀತಿಗಳದ್ದೇ ಸಹವಾಸ. ಪ್ರತಿ ಎಡವಟ್ಟಿನ ಹಿಂದೆಯೂ ಊರಿನವರು ಬಾಯಿಬಿಟ್ಟು ಹೇಳದ ಒಂದು ಕಟ್ಟಳೆ ಇರುತ್ತದೆ. ಬೆರಳೆಣಿಕೆಯ ಜನರಿರುವ ಊರು ಬದುಕಿ ಉಳಿಯಬೇಕಾದರೆ ಹೊತ್ತು, ಕೆಲಸ, ಹೊರೆ ಎಲ್ಲವನ್ನೂ ಹಂಚಿಕೊಳ್ಳಬೇಕು. ಹೆಚ್ಚಿನ ಕಟ್ಟಳೆಗಳು ಆ ಅಗತ್ಯದಿಂದಲೇ ಹುಟ್ಟಿದವು.

ಗಡಿಯಾರ ಮತ್ತು ಬ್ರೆಡ್ಡು

ಮೊದಲ ಪೆಟ್ಟು ಬೀಳುವುದು ಹೊತ್ತಿನ ವಿಷಯದಲ್ಲಿ. ಹನ್ನೆರಡು ಗಂಟೆಗೆ ಚರ್ಚಿನ ಗಂಟೆ ಹೊಡೆಯುತ್ತಿದ್ದಂತೆ ಅಂಚೆ ಕೌಂಟರು, ಕಬ್ಬಿಣದ ಸಾಮಾನಿನ ಅಂಗಡಿ, ಗ್ಯಾರೇಜು, ಔಷಧಿ ಅಂಗಡಿ ಒಂದೊಂದಾಗಿ ಬಾಗಿಲು ಹಾಕುತ್ತವೆ. ಮತ್ತೆ ತೆರೆಯುವುದು ಎರಡು ಗಂಟೆಗೆ. ಹೋಟೆಲುಗಳ ಲೆಕ್ಕ ಇದಕ್ಕೆ ತಿರುಗುಮುರುಗು: ಮಧ್ಯಾಹ್ನದ ಊಟ ಸಿಗುವುದು ಹನ್ನೆರಡರಿಂದ ಎರಡರವರೆಗೆ ಮಾತ್ರ. ಎರಡೂವರೆಗೆ ಹಸಿದು ಬಂದವರಿಗೆ ಅಡುಗೆಮನೆ ಮುಚ್ಚಿದೆ ಎಂಬ ಉತ್ತರ ಸಿಗುತ್ತದೆ. ಇದರಲ್ಲಿ ಸೋಮಾರಿತನವೇನೂ ಇಲ್ಲ. ಅಂಗಡಿಯಲ್ಲಿ ಇರುವವರು ಒಬ್ಬರೋ ಇಬ್ಬರೋ. ಬೆಳಗ್ಗೆಯಿಂದ ನಿಂತವರು ಕೂತು ಉಣ್ಣುವ ಹೊತ್ತು ಅದು. ಊಟವನ್ನು ನಿಧಾನವಾಗಿ, ಮೇಜಿನ ಸುತ್ತ ಕೂತು ಮಾಡಬೇಕೆಂಬುದು ಆ ದೇಶದ ಗಟ್ಟಿ ನಂಬಿಕೆ.

ಬ್ರೆಡ್ಡಿನದು ಬೇರೆಯೇ ಕಥೆ. ಉದ್ದನೆಯ ಬಾಗೆಟ್ ಬ್ರೆಡ್ಡಿಲ್ಲದೆ ಫ್ರೆಂಚರ ಊಟ ಸಾಗದು. 1993ರ ಒಂದು ಸರ್ಕಾರಿ ಆದೇಶದ ಪ್ರಕಾರ ‘ಸಂಪ್ರದಾಯದ ಫ್ರೆಂಚ್ ಬ್ರೆಡ್’ ಎಂಬ ಹೆಸರಿನಲ್ಲಿ ಮಾರುವುದನ್ನು ಹಿಟ್ಟು, ನೀರು, ಉಪ್ಪು ಮತ್ತು ಹುದುಗಿನಿಂದಲೇ ಮಾಡಬೇಕು. ಕೆಡದಂತೆ ಇಡುವ ರಾಸಾಯನಿಕ ಸೇರಿಸುವಂತಿಲ್ಲ, ಹಿಟ್ಟಿನ ಮುದ್ದೆಯನ್ನು ಘನೀಕರಿಸಿ ಇಡುವಂತಿಲ್ಲ. ಬಾಗೆಟ್ ಮಾಡುವ ಕೌಶಲವನ್ನು ಯುನೆಸ್ಕೊ 2022ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಥ ಬ್ರೆಡ್ಡು ಮರುದಿನಕ್ಕೆ ಕಟ್ಟಿಗೆಯಂತೆ ಗಟ್ಟಿಯಾಗುವುದರಿಂದ ದಿನದಿನವೂ ತರಬೇಕು. ಬೇಕರಿಗಳು ವಾರಕ್ಕೆ ಒಂದು ದಿನ, ಹಲವು ಕಡೆ ಸೋಮವಾರ, ಮುಚ್ಚಿರುತ್ತವೆ. ಅದು ಗೊತ್ತಿಲ್ಲದ ಹೊಸಬರು ಸೋಮವಾರ ಬೆಳಗ್ಗೆ ಹತ್ತು ಕಿಲೋಮೀಟರ್ ಹೋಗಿ ಬರಿಗೈಯಲ್ಲಿ ಮರಳುತ್ತಾರೆ.

ಬೇಕರಿಯೇ ಇಲ್ಲದ ಊರುಗಳಿಗೆ ಪಕ್ಕದ ಊರಿನ ಬೇಕರಿಯವರು ವ್ಯಾನಿನಲ್ಲಿ ಸುತ್ತು ಬರುತ್ತಾರೆ. ತಿರುವಿನಲ್ಲಿ ಹಾರನ್ ಕೇಳಿದರೆ ಅಜ್ಜಿಯರು ಚಿಲ್ಲರೆ ಹಿಡಿದು ಗೇಟಿನ ಬಳಿ ಬಂದು ನಿಲ್ಲುತ್ತಾರೆ. ಮನೆಯಲ್ಲಿ ಇರಲಾಗದವರು ಗೇಟಿಗೊಂದು ಬಟ್ಟೆಯ ಚೀಲ ಕಟ್ಟಿರುತ್ತಾರೆ. ವ್ಯಾನಿನವರು ಎರಡು ಬಾಗೆಟ್ ಅದರಲ್ಲಿ ಇಳಿಸಿ, ಲೆಕ್ಕವನ್ನು ಪುಸ್ತಕದಲ್ಲಿ ಬರೆದುಕೊಂಡು ಮುಂದೆ ಹೋಗುತ್ತಾರೆ. ಚೀಲದ ಬಾಯಿ ಕಟ್ಟದಿದ್ದರೆ ಪಕ್ಕದ ಮನೆಯ ನಾಯಿಗೆ ಹಬ್ಬ. ನಿನ್ನೆಯ ಚೀಲ ಹಾಗೆಯೇ ತೂಗುತ್ತಿದ್ದರೆ ವ್ಯಾನಿನವರು ಗಾಡಿ ನಿಲ್ಲಿಸಿ ಬಾಗಿಲು ತಟ್ಟುತ್ತಾರೆ. ಒಂಟಿಯಾಗಿರುವ ವೃದ್ಧರು ಬಿದ್ದಿದ್ದಾರೆ, ಹಾಸಿಗೆ ಹಿಡಿದಿದ್ದಾರೆ ಎಂಬುದು ಮೊದಲು ತಿಳಿಯುವುದು ಎಷ್ಟೋ ಸಲ ಹೀಗೆಯೇ.

ಸಂತೆಯ ದಿನಕ್ಕೂ ತನ್ನದೇ ರೀತಿ ಇದೆ. ವಾರಕ್ಕೊಮ್ಮೆ ಹತ್ತಿರದ ಪೇಟೆಯ ಚೌಕದಲ್ಲಿ ಸಂತೆ ಕಟ್ಟುತ್ತದೆ, ಹನ್ನೆರಡೂವರೆಯ ಹೊತ್ತಿಗೆ ಎತ್ತಿಬಿಡುತ್ತದೆ. ಹಿಂದಿನ ರಾತ್ರಿ ಅದೇ ಚೌಕದಲ್ಲಿ ಕಾರು ನಿಲ್ಲಿಸಿ ಮಲಗಿದವರಿಗೆ ಬೆಳಗ್ಗೆ ಕಾರಿನ ಸುತ್ತ ಚೀಸು, ಜೇನು, ಕೋಳಿಯ ಅಂಗಡಿಗಳು ಕಾಣಿಸಬಹುದು, ಇಲ್ಲವೇ ಕಾರೇ ಕಾಣಿಸದಿರಬಹುದು. ಯಾವ ವಾರ ನಿಲ್ಲಿಸಬಾರದು ಎಂದು ಕಂಬದ ಮೇಲಿನ ಸಣ್ಣ ಫಲಕ ಹೇಳಿರುತ್ತದೆ. ನಮ್ಮ ಸಂತೆಗಳಲ್ಲಿ ಟೊಮೆಟೊವನ್ನು ಒಂದೊಂದಾಗಿ ಒತ್ತಿ ನೋಡಿ ಆರಿಸುವುದು ರೂಢಿ. ಅಲ್ಲಿ ಹೆಚ್ಚಿನ ವ್ಯಾಪಾರಿಗಳು ತಾವೇ ಆರಿಸಿ ಕೊಡುತ್ತಾರೆ. ಕರಬೂಜ ತಿನ್ನುವುದು ಇಂದೋ ನಾಳೆಯೋ ಎಂದು ಕೇಳಿ, ಅದಕ್ಕೆ ತಕ್ಕ ಹಣ್ಣನ್ನು ತೆಗೆದುಕೊಡುತ್ತಾರೆ. ಕೇಳದೆ ಕೈ ಹಾಕಿದರೆ ಅವರ ಕಸುಬನ್ನು ನಂಬಲಿಲ್ಲವೆಂದು ಅರ್ಥ.

ಬೊಂಜೂರ್ ಎಂಬ ಕೀಲಿಕೈ

ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ‘ಬೊಂಜೂರ್’ ಎನ್ನಬೇಕು. ಅದನ್ನು ಬಿಟ್ಟು ನೇರವಾಗಿ ಬೆಲೆ ಕೇಳಿದವರಿಗೆ ತಣ್ಣನೆಯ ಉತ್ತರ ಸಿಗುತ್ತದೆ. ವೈದ್ಯರ ಕೋಣೆಯ ಹೊರಗೆ ಕಾಯುತ್ತಿರುವ ಅಪರಿಚಿತರಿಗೂ ಒಟ್ಟಾಗಿ ಒಂದು ಬೊಂಜೂರ್ ಹೇಳಿಯೇ ಕೂರುವುದು ವಾಡಿಕೆ. ಎದುರಿಗಿರುವವರು ಸೇವೆಗಾಗಿ ನಿಂತ ಆಳಲ್ಲ, ಮನುಷ್ಯರು ಎಂದು ಮೊದಲು ಒಪ್ಪಿಕೊಂಡು ಆಮೇಲೆ ವ್ಯವಹಾರಕ್ಕೆ ಇಳಿಯುವ ಪದ್ಧತಿ ಇದು.

ಸರ್ವನಾಮದ ವಿಷಯದಲ್ಲಿ ಇಂಗ್ಲಿಷರು ಎಡವುವ ಕಡೆ ಕನ್ನಡಿಗರಿಗೆ ಕಷ್ಟವಾಗದು. ಫ್ರೆಂಚಿನ ‘ತ್ಯು’ ನಮ್ಮ ‘ನೀನು’, ‘ವೂ’ ನಮ್ಮ ‘ನೀವು’. ಹಿರಿಯರನ್ನು, ಅಧಿಕಾರಿಗಳನ್ನು, ಹೊಸ ಪರಿಚಯದವರನ್ನು ವೂ ಎನ್ನಬೇಕು. ತ್ಯು ಎಂದು ಕರೆಯೋಣ ಎಂಬ ಮಾತು ಹಿರಿಯರಿಂದಲೇ ಬರಬೇಕು. ವರ್ಷಗಟ್ಟಲೆ ಬೇಲಿಯ ಆಚೀಚೆ ವೂ ಎಂದೇ ಮಾತಾಡಿಕೊಂಡ ನೆರೆಯವರು ಒಂದು ದಿನ ತ್ಯುಗೆ ಇಳಿದರೆ, ಅದು ಸ್ನೇಹಕ್ಕೆ ಬಿದ್ದ ಮುದ್ರೆ. ಕೆನ್ನೆಗೆ ಕೆನ್ನೆ ತಾಗಿಸುವ ‘ಬೀಜ್’ ಮಾತ್ರ ಹೊರಗಿನವರಿಗೆ ಕಗ್ಗಂಟು. ಒಂದು ಪ್ರದೇಶದಲ್ಲಿ ಎರಡು ಸಲ, ಇನ್ನೊಂದರಲ್ಲಿ ಮೂರು, ಕೆಲವೆಡೆ ನಾಲ್ಕು. ಯಾವ ಕೆನ್ನೆಯಿಂದ ಶುರು ಎಂಬುದೂ ಊರಿಂದೂರಿಗೆ ಬದಲು. ಲೆಕ್ಕ ತಪ್ಪಿದರೆ ಮೂಗಿಗೆ ಮೂಗು ಬಡಿಯುತ್ತದೆ. ಎದುರಿನವರ ಚಲನೆಯನ್ನು ಅನುಸರಿಸುವುದೇ ದಾರಿ.

ಸಂಜೆ ಏಳಕ್ಕೆ ‘ಅಪೆರೊ’ಗೆ ಕರೆದರೆ ಅದು ಊಟದ ಕರೆಯಲ್ಲ. ಒಂದು ಲೋಟ ಪಾನೀಯ, ಒಂದಿಷ್ಟು ಆಲಿವ್, ಕಡಲೆಬೀಜ, ಮಾತುಕತೆ. ಒಂದೂವರೆ ಗಂಟೆಯಲ್ಲಿ ಎದ್ದು ಬರಬೇಕು. ಹೇಳಿದ ಹೊತ್ತಿಗಿಂತ ಐದು ಹತ್ತು ನಿಮಿಷ ತಡವಾಗಿ ಹೋಗುವುದು ಮನೆಯವರಿಗೆ ತೋರಿಸುವ ದಯೆ. ಬರಿಗೈಯಲ್ಲಿ ಹೋಗಬಾರದೆಂದು ಹೂವು ಒಯ್ಯುವವರು ಒಂದು ಹೂವನ್ನು ಮಾತ್ರ ಮುಟ್ಟಬಾರದು, ಅದು ಸೇವಂತಿಗೆ. ನಮ್ಮಲ್ಲಿ ದೇವರ ಮುಡಿಗೆ, ಹೆಣ್ಣುಮಕ್ಕಳ ಜಡೆಗೆ, ಆಯುಧಪೂಜೆಯ ಗಾಡಿಗೆ ಏರುವ ಹೂವು ಅಲ್ಲಿ ಸಮಾಧಿಯ ಹೂವು. ನವೆಂಬರ್ 1ರ ಸಕಲ ಸಂತರ ಹಬ್ಬದಂದು ಫ್ರಾನ್ಸಿನ ಸ್ಮಶಾನಗಳೆಲ್ಲ ಸೇವಂತಿಗೆಯ ಕುಂಡಗಳಿಂದ ತುಂಬುತ್ತವೆ. ಅಕ್ಟೋಬರಿನಲ್ಲಿ ಅಂಗಡಿಯ ಮುಂದೆ ರಾಶಿ ಬಿದ್ದ ಚೆಂದದ ಕುಂಡವನ್ನು ಕೊಂಡು ನೆರೆಮನೆಗೆ ಉಡುಗೊರೆ ಕೊಟ್ಟರೆ, ತೆರೆದ ಬಾಗಿಲಲ್ಲಿ ಒಂದು ಕ್ಷಣ ಮಾತು ನಿಂತುಹೋಗುತ್ತದೆ. ಕನ್ನಡದ ಮನೆಯಿಂದ ಹೋದವರು ಇದನ್ನು ನೆನಪಿಡಬೇಕು.

ಕಲ್ಲಿನ ಮನೆಯ ಒಳಗುಟ್ಟು

ಹಳೆಯ ಮನೆಗಳ ಗೋಡೆ ಅರ್ಧ ಮೀಟರಿಗೂ ಹೆಚ್ಚು ದಪ್ಪ. ಕಲ್ಲುಗಳ ನಡುವೆ ಮಣ್ಣು ಅಥವಾ ಸುಣ್ಣದ ಗಾರೆ. ನೆಲದಿಂದ ಏರುವ ತೇವ ಈ ಗಾರೆಯ ಸಣ್ಣ ರಂಧ್ರಗಳಿಂದ ಹೊರಗೆ ಆರಿಹೋಗುತ್ತದೆ. ಹೊಸದಾಗಿ ಬಂದವರು ಗೋಡೆ ಭದ್ರವಾಗಲಿ ಎಂದು ಸಿಮೆಂಟು ಮೆತ್ತಿಸುತ್ತಾರೆ. ಸಿಮೆಂಟು ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಒಳಗೋಡೆಯಲ್ಲಿ ಬೂಸಲು, ಉಪ್ಪಿನ ಬಿಳಿ ಕಲೆ, ಮೆತ್ತಿದ ಗಾರೆ ಹಪ್ಪಳದಂತೆ ಏಳುವುದು ಶುರುವಾಗುತ್ತದೆ. ಕೊನೆಗೆ ಅದನ್ನೆಲ್ಲ ಕೆತ್ತಿ ಮತ್ತೆ ಸುಣ್ಣಕ್ಕೇ ಮರಳಬೇಕು. ಕಿಟಕಿಯ ಮರದ ಹೊರಬಾಗಿಲುಗಳೂ ಅಲಂಕಾರಕ್ಕೆ ಇಟ್ಟವಲ್ಲ. ಬೇಸಿಗೆಯಲ್ಲಿ ಬೆಳಗ್ಗೆ ಹತ್ತಕ್ಕೇ ಅವನ್ನು ಮುಚ್ಚಿ, ಸಂಜೆ ತಂಪಾದ ಮೇಲೆ ತೆರೆದರೆ ದಪ್ಪ ಗೋಡೆಯ ಮನೆ ದಿನವಿಡೀ ತಣ್ಣಗಿರುತ್ತದೆ. ಬೆಳಕು ಬರಲೆಂದು ತೆರೆದಿಟ್ಟವರ ಮನೆ ಸಂಜೆಗೆ ಒಲೆಯಾಗಿರುತ್ತದೆ.

ಫ್ರಾನ್ಸಿನ ಸುಮಾರು 50 ಲಕ್ಷ ಮನೆಗಳಿಗೆ ಒಳಚರಂಡಿಯ ಸಂಪರ್ಕವಿಲ್ಲ. ಹಿತ್ತಲಿನ ಸೆಪ್ಟಿಕ್ ಟ್ಯಾಂಕೇ ಅವುಗಳ ಆಧಾರ. ಆ ತೊಟ್ಟಿಯ ಕೆಲಸ ಮಾಡುವುದು ಬ್ಯಾಕ್ಟೀರಿಯಾಗಳು. ಅವು ಮಲವನ್ನು ಕರಗಿಸಿ, ಉಳಿದ ನೀರು ಮರಳಿನಲ್ಲಿ ಇಂಗುವಂತೆ ಮಾಡುತ್ತವೆ. ಸ್ವಚ್ಛತೆಯ ಉತ್ಸಾಹದಲ್ಲಿ ಬ್ಲೀಚನ್ನು ಬಾಟಲಿಗಟ್ಟಲೆ ಸುರಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ತೊಟ್ಟಿ ಕೈಕೊಡುತ್ತದೆ. ಒದ್ದೆ ಒರೆಸುಹಾಳೆಗಳು ಕರಗದೆ ಕೊಳವೆಯಲ್ಲಿ ಗಂಟು ಕಟ್ಟುತ್ತವೆ. ಅದು ತಿಳಿಯುವುದು ಸಾಮಾನ್ಯವಾಗಿ ಮನೆ ತುಂಬ ನೆಂಟರಿದ್ದ ದಿನ. 1992ರ ಜಲ ಕಾಯಿದೆಯಿಂದಾಗಿ ಈ ತೊಟ್ಟಿಗಳ ತಪಾಸಣೆ ಸ್ಥಳೀಯ ಆಡಳಿತದ ಹೊಣೆಯಾಗಿದೆ. ಮನೆ ಮಾರುವಾಗ ಮೂರು ವರ್ಷದೊಳಗಿನ ತಪಾಸಣಾ ವರದಿ ಕೊಡಲೇಬೇಕು. ಕೊಳ್ಳುವವರು ಮಾಡು, ಗೋಡೆ ನೋಡುವ ಮೊದಲು ಈ ವರದಿ ಓದಿದರೆ ಮುಂದಿನ ಪೇಚಾಟ ತಪ್ಪುತ್ತದೆ.

ವಿದ್ಯುತ್ತಿನಲ್ಲೂ ಒಂದು ಸೂಕ್ಷ್ಮವಿದೆ. ಪ್ರತಿ ಮನೆ ತಾನು ಒಮ್ಮೆಗೆ ಎಷ್ಟು ವಿದ್ಯುತ್ ಎಳೆಯಬಹುದೆಂದು ಮೊದಲೇ ಒಪ್ಪಂದ ಮಾಡಿಕೊಂಡಿರುತ್ತದೆ: 3, 6, 9 ಕಿಲೋವೋಲ್ಟ್ ಆಂಪಿಯರ್ ಹೀಗೆ. ಹೆಚ್ಚಿನದಕ್ಕೆ ಹೆಚ್ಚು ಬಾಡಿಗೆ. 6ರ ಒಪ್ಪಂದವಿರುವ ಮನೆಯಲ್ಲಿ ಓವನ್, ನೀರು ಕಾಯಿಸುವ ಕೆಟಲ್, ಹೀಟರ್ ಮೂರನ್ನೂ ಒಟ್ಟಿಗೆ ಹಾಕಿದರೆ ಮೀಟರು ತಕ್ಷಣ ಕತ್ತರಿಸಿ ಮನೆ ಕತ್ತಲಾಗುತ್ತದೆ. ದಿನದಲ್ಲಿ ಎಂಟು ಗಂಟೆ, ಬಹುಪಾಲು ರಾತ್ರಿ, ಅಗ್ಗದ ದರದ ಯೋಜನೆಯೂ ಇದೆ. ಬಚ್ಚಲಿನ ನೀರಿನ ಟ್ಯಾಂಕು ಆಗ ತಾನಾಗಿ ಕಾಯುತ್ತದೆ. ಇನ್ನೂರು ಲೀಟರ್ ಬಿಸಿನೀರನ್ನು ಮೊದಲು ಎದ್ದ ಮೂವರು ಅತಿಥಿಗಳು ಮುಗಿಸಿದರೆ, ನಾಲ್ಕನೆಯವರಿಗೆ ಮರುದಿನದವರೆಗೆ ತಣ್ಣೀರೇ ಗತಿ. ಹಾಗಾಗಿ ಹಳ್ಳಿಯ ಮನೆಗಳಲ್ಲಿ ಬಟ್ಟೆ ಒಗೆಯುವ ಯಂತ್ರ ತಿರುಗುವುದು ನಡುರಾತ್ರಿ, ಓವನ್ ಹೊತ್ತುವುದು ಹೀಟರ್ ಆರಿದ ಮೇಲೆ.

ಸೌದೆಯ ಲೆಕ್ಕ

ಕ್ರೋಜ್‌ನಂಥ ಕಡೆ ಚಳಿಗಾಲದ ಮಾತೆಲ್ಲ ಸೌದೆಯದ್ದು. ಅಲ್ಲಿ ಸೌದೆ ಅಳೆಯುವುದು ‘ಸ್ತೇರ್’ ಎಂಬ ಮಾನದಲ್ಲಿ. 1795ರಲ್ಲಿ ಮೆಟ್ರಿಕ್ ಪದ್ಧತಿಯ ಜೊತೆಗೇ ಹುಟ್ಟಿದ ಅಳತೆ ಇದು. ಒಂದು ಮೀಟರ್ ಉದ್ದದ ಕೊರಡುಗಳನ್ನು ಒಂದು ಮೀಟರ್ ಅಗಲಕ್ಕೆ, ಒಂದು ಮೀಟರ್ ಎತ್ತರಕ್ಕೆ ಒಟ್ಟಿದರೆ ಒಂದು ಸ್ತೇರ್. ಹೊಸಬರು ಮೋಸ ಹೋದೆವೆಂದು ತಪ್ಪು ತಿಳಿಯುವುದು ಇಲ್ಲೇ. ಅದೇ ಸೌದೆಯನ್ನು ಅರ್ಧ ಮೀಟರಿಗೆ ಕತ್ತರಿಸಿ ಒಟ್ಟಿದರೆ ರಾಶಿ 0.8 ಘನ ಮೀಟರಿಗೆ ಇಳಿಯುತ್ತದೆ. 33 ಸೆಂಟಿಮೀಟರಿಗೆ ಕತ್ತರಿಸಿದರೆ 0.7ಕ್ಕೆ. ತುಂಡು ಚಿಕ್ಕದಾದಷ್ಟೂ ನಡುವಿನ ಸಂದು ಕಡಿಮೆಯಾಗಿ ರಾಶಿ ಕುಗ್ಗುತ್ತದೆ, ಮರ ಮಾತ್ರ ಅಷ್ಟೇ ಇರುತ್ತದೆ.

ನಿಜವಾದ ಮೋಸ ತೇವದ್ದು. ಓಕ್ ಮರ ಕಡಿದ ಮೇಲೆ ಒಣಗಲು ಎರಡು ವರ್ಷ ಬೇಕು. ತೇವಾಂಶ ಶೇಕಡಾ 20ಕ್ಕಿಂತ ಕೆಳಗಿಳಿದರೆ ಮಾತ್ರ ಅದು ಉರಿಯಲು ಯೋಗ್ಯ. ನವೆಂಬರಿನಲ್ಲಿ ಗಡಿಬಿಡಿಯಿಂದ ತರಿಸಿದ ಹಸಿ ಸೌದೆ ಒಲೆಯಲ್ಲಿ ಸುಯ್ಯೆಂದು ನೊರೆ ಕಾರುತ್ತದೆ, ಮನೆ ಕಾಯುವುದಿಲ್ಲ, ಒಲೆಯ ಗಾಜು ಒಂದೇ ಸಂಜೆಯಲ್ಲಿ ಕಪ್ಪಾಗುತ್ತದೆ. ಊರಿನ ಹಿರಿಯರು ಯಾವ ಉಪಕರಣವೂ ಇಲ್ಲದೆ ಸೌದೆಯನ್ನು ಪರೀಕ್ಷಿಸುತ್ತಾರೆ. ಎರಡು ಸೀಳುಗಳನ್ನು ಒಂದಕ್ಕೊಂದು ಬಡಿಯುತ್ತಾರೆ. ಒಣಗಿದ್ದರೆ ಟಣ್ ಎಂದು ಗಂಟೆಯಂತೆ ನುಡಿಯುತ್ತದೆ, ಹಸಿಯಿದ್ದರೆ ದೊಪ್ ಎನ್ನುತ್ತದೆ. ಒಣ ಕೊರಡಿನ ಕೊಯ್ದ ತುದಿಯಲ್ಲಿ ನಡುವಿನಿಂದ ಅಂಚಿಗೆ ಚಕ್ರದ ಅರಗಳಂತೆ ಬಿರುಕು ಬಿಟ್ಟಿರುತ್ತದೆ, ತೊಗಟೆ ಕೈಯಲ್ಲಿ ಎಳೆದರೆ ಕಳಚಿ ಬರುತ್ತದೆ.

ಹಸಿ ಸೌದೆಯ ಹೊಗೆ ಚಿಮಣಿಯ ಒಳಗೆ ಅಂಟಾದ ಕರಿಯನ್ನು ಕಟ್ಟಿಸುತ್ತದೆ. ಅದಕ್ಕೆ ಬೆಂಕಿ ತಗುಲಿದರೆ ಮಾಡೇ ಸುಟ್ಟುಹೋಗಬಹುದು. ಆದ್ದರಿಂದ ವರ್ಷಕ್ಕೆ ಕನಿಷ್ಠ ಒಮ್ಮೆ ಚಿಮಣಿಯನ್ನು ಕಸುಬುದಾರರಿಂದ ಗುಡಿಸಿಸಿ ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಅವಘಡವಾದರೆ ವಿಮೆಯವರು ಮೊದಲು ಕೇಳುವುದು ಆ ಚೀಟಿಯನ್ನು. ಚಳಿ ಬಿದ್ದ ಮೇಲೆ ಫೋನು ಮಾಡಿದರೆ ಚಿಮಣಿಯವರು ವಾರಗಟ್ಟಲೆ ಸಿಗುವುದಿಲ್ಲ. ಗೊತ್ತಿದ್ದವರು ಬೇಸಿಗೆಯಲ್ಲೇ ಕರೆಸುತ್ತಾರೆ.

ರಸ್ತೆಯ ಮೇಲೆ

ಹಳ್ಳಿಯಲ್ಲಿ ಕಾರಿಲ್ಲದೆ ಕೈಕಾಲಾಡುವುದಿಲ್ಲ. ಬಸ್ಸು ಇದ್ದರೂ ಬಹುಪಾಲು ಶಾಲೆಯ ವೇಳೆಗೆ ಹೊಂದಿಕೊಂಡದ್ದು. ಪೆಟ್ರೋಲ್ ಬಂಕಿನಲ್ಲೇ ಮೊದಲ ಎಡವಟ್ಟು ಕಾದಿರುತ್ತದೆ. ‘ಗಾಜೋಲ್’ ಎಂಬ ಫಲಕ ಕಂಡು ಗ್ಯಾಸೊಲಿನ್, ಅಂದರೆ ಪೆಟ್ರೋಲ್, ಎಂದುಕೊಂಡು ತುಂಬಿಸಿದರೆ ಎಂಜಿನ್ ಕೆಟ್ಟಂತೆ, ಅದು ಡೀಸೆಲ್. ಪೆಟ್ರೋಲಿನ ಹೆಸರು ‘ಎಸಾನ್ಸ್’. 2018ರ ಅಕ್ಟೋಬರಿನಿಂದ ಯುರೋಪಿನಾದ್ಯಂತ ಒಂದೇ ಗುರುತು ಜಾರಿಯಲ್ಲಿದೆ: ಪೆಟ್ರೋಲಿಗೆ ವೃತ್ತ, ಡೀಸೆಲಿಗೆ ಚೌಕ. ಭಾಷೆ ಬಾರದವರಿಗೆ ಈ ಗುರುತೇ ರಕ್ಷೆ.

ಎರಡನೆಯದು ಬಲಗಡೆಯ ಹಕ್ಕು. ಬೇರೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲ ಹಾದಿ. ಎಮ್ಮೆಯಷ್ಟು ನಿಧಾನದ ಟ್ರ್ಯಾಕ್ಟರು ಓಣಿಯಿಂದ ನೇರವಾಗಿ ಮುಖ್ಯ ರಸ್ತೆಗೆ ನುಗ್ಗಿದರೂ, ಅದು ಬಲಗಡೆಯಿಂದ ಬಂದಿದ್ದರೆ ತಪ್ಪು ನಿಲ್ಲಿಸದವರದ್ದು. ಹಳದಿ ವಜ್ರಾಕಾರದ ಫಲಕ ಕಂಡರೆ ನಿಮ್ಮ ರಸ್ತೆಗೆ ಹಕ್ಕು ಸಿಕ್ಕಂತೆ. ಮೂರನೆಯದು ಊರಿನ ಹೆಸರಿನ ಫಲಕ. ಕೆಂಪು ಅಂಚಿನ ಬಿಳಿ ಫಲಕ ದಾಟಿದ ಕ್ಷಣದಿಂದ ವೇಗ ಗಂಟೆಗೆ 50 ಕಿಲೋಮೀಟರ್ ಮೀರಬಾರದು. ಸಂಖ್ಯೆಯನ್ನು ಬೇರೆ ಬರೆದಿರುವುದಿಲ್ಲ. ಹೆಸರಿನ ಮೇಲೆ ಕೆಂಪು ಗೀಟು ಎಳೆದ ಫಲಕ ಬಂದರೆ ಊರು ಮುಗಿಯಿತು. ಊರಾಚೆಯ ರಸ್ತೆಗಳಲ್ಲಿ 2018ರ ಜುಲೈನಿಂದ ಮಿತಿ 80. ಕೆಲವು ಜಿಲ್ಲೆಗಳು ಕೆಲವು ರಸ್ತೆಗಳಲ್ಲಿ ಮತ್ತೆ 90ಕ್ಕೆ ಮರಳಿವೆ. 2023ರ ಕೊನೆಯಲ್ಲಿ ತಾರ್ನ್ ಜಿಲ್ಲೆಯ ಯುವ ರೈತರು ಊರುಗಳ ಹೆಸರಿನ ಫಲಕಗಳನ್ನು ತಲೆಕೆಳಗಾಗಿಸಿ ಪ್ರತಿಭಟನೆ ಆರಂಭಿಸಿದರು. ಕೃಷಿನೀತಿ ಎಲ್ಲವನ್ನೂ ತಲೆಕೆಳಗು ಮಾಡಿದೆ ಎಂಬುದು ಅವರ ಅಳಲು. ಅದು ದೇಶದುದ್ದಕ್ಕೂ ಹಬ್ಬಿತು.

ಮುಸ್ಸಂಜೆ ಮತ್ತು ನಸುಕಿನಲ್ಲಿ ಕಾಡಂಚಿನ ರಸ್ತೆಗೆ ಜಿಂಕೆ, ಕಾಡುಹಂದಿಗಳು ನುಗ್ಗುತ್ತವೆ. ಒಂದು ಹಂದಿ ದಾಟಿತೆಂದು ವೇಗ ಹೆಚ್ಚಿಸಿದರೆ ಹಿಂದೆಯೇ ಬರುವ ಮರಿಗಳಿಗೆ ಕಾರು ಬಡಿಯುತ್ತದೆ. ಮೊದಲನೆಯದು ಕಂಡ ಕೂಡಲೇ ನಿಂತು, ಉಳಿದವು ದಾಟಲು ಬಿಡುವುದೇ ಜಾಣತನ.

ಅಟ್ಟದ ಮೇಲಿನವರು, ಕಾಡಿನವರು

ಹಳೆಯ ಮನೆಯ ಅಟ್ಟಕ್ಕೆ ಮನುಷ್ಯರಿಗಿಂತ ಮೊದಲೇ ಬಾಡಿಗೆದಾರರಿರುತ್ತಾರೆ. ಲ್ವಾರ್ ಎಂಬ ಬೂದು ಬಣ್ಣದ, ಪೊದೆಬಾಲದ ಇಲಿಜಾತಿಯ ಪ್ರಾಣಿ ವರ್ಷದಲ್ಲಿ ಅರ್ಧಕ್ಕೂ ಹೆಚ್ಚು ಕಾಲ ನಿದ್ದೆ ಹೋಗಿ, ಬೇಸಿಗೆಯ ರಾತ್ರಿಗಳಲ್ಲಿ ಜಂತೆಯ ಮೇಲೆ ಓಡಾಡುತ್ತದೆ. ಮುಂಗುಸಿಯಷ್ಟು ಗಾತ್ರದ ಫ್ವೀನ್ ಇನ್ನೂ ಗಟ್ಟಿ ಆಸಾಮಿ. ಮಾಡಿನಡಿಯ ಶಾಖ ತಡೆಯುವ ಹೊದಿಕೆಯನ್ನು ಕಿತ್ತು ಗೂಡು ಮಾಡುತ್ತದೆ. ಬೆಚ್ಚಗಿನ ಕಾರಿನ ಬಾನೆಟ್ ಒಳಗೆ ಸೇರಿ ವೈರು ಕಡಿಯುತ್ತದೆ. ಬೆಳಗ್ಗೆ ಕಾರು ಶುರುವಾಗದಿದ್ದರೆ ಹಳ್ಳಿಯ ಮೆಕ್ಯಾನಿಕ್ ಮೊದಲು ಹುಡುಕುವುದು ಹಲ್ಲಿನ ಗುರುತನ್ನು.

ಏಷ್ಯಾದ ಕಡಜ ಹೊಸ ಪೀಡೆ. 2004ರಲ್ಲಿ ಲೊ ಎ ಗರೋನ್ ಜಿಲ್ಲೆಯಲ್ಲಿ ಮೊದಲು ಕಾಣಿಸಿತು. ಚೀನಾದಿಂದ ಸರಕಿನ ಜೊತೆ ಬಂದಿರಬೇಕೆಂದು ನಂಬಲಾಗಿದೆ. ಇಂದು ಅದು ದೇಶದ ಬಹುಭಾಗವನ್ನು ಆವರಿಸಿದೆ. ಜೇನುಗೂಡಿನ ಬಾಯಲ್ಲೇ ಹಾರಾಡುತ್ತ ನಿಂತು ಮರಳಿ ಬರುವ ಜೇನುನೊಣಗಳನ್ನು ಹಿಡಿಯುತ್ತದೆ. ಬೇಲಿ ಕತ್ತರಿಸುವಾಗ ಕಾಣದ ಗೂಡಿಗೆ ಯಂತ್ರ ತಗುಲಿದರೆ ಪ್ರಾಣಕ್ಕೇ ಅಪಾಯ. ಗೂಡು ಕಂಡರೆ ತಾವೇ ಕೈಹಾಕದೆ ಮೊದಲು ಊರಿನ ಕಚೇರಿಗೆ ತಿಳಿಸಬೇಕು.

ಶರತ್ಕಾಲದ ಮಳೆ ಬಿದ್ದರೆ ಊರೇ ಅಣಬೆಗೆ ಹೊರಡುತ್ತದೆ. ಒಳ್ಳೆಯ ಸೆಪ್ ಅಣಬೆ ಏಳುವ ಜಾಗವನ್ನು ಅಪ್ಪ ಮಗನಿಗೂ ಬೇಗ ಹೇಳುವುದಿಲ್ಲ ಎಂಬ ಮಾತಿದೆ. ಕಾನೂನಿನ ಪ್ರಕಾರ ಅಣಬೆ ನೆಲದ ಒಡೆಯನ ಸ್ವತ್ತು. ಖಾಸಗಿ ಕಾಡಿನಲ್ಲಿ ಕೇಳದೆ ಕಿತ್ತರೆ ಅದು ಕಳವು. ಸರ್ಕಾರಿ ಕಾಡುಗಳಲ್ಲಿ ಸಾಮಾನ್ಯವಾಗಿ ತಲೆಗೆ ದಿನಕ್ಕೆ 5 ಲೀಟರ್ ಬುಟ್ಟಿಯಷ್ಟು ಒಯ್ಯಬಹುದು. ವಿಷದ ಅಣಬೆಯ ಭಯ ನಿಜವಾದದ್ದು. ಅಮಾನಿತ್ ಫಾಲ್ವಾದ್ ಎಂಬ ಹಸಿರುಛಾಯೆಯ ಅಣಬೆ ತಿಂದ ಹಲವು ಗಂಟೆಗಳವರೆಗೆ ಏನೂ ತೋರಗೊಡದೆ, ಒಳಗೆ ಯಕೃತ್ತನ್ನು ಕೊಲ್ಲುತ್ತದೆ. ಫ್ರಾನ್ಸಿನಲ್ಲಿ ಔಷಧಶಾಸ್ತ್ರದ ವಿದ್ಯಾರ್ಥಿಗಳಿಗೆ ಅಣಬೆ ಗುರುತಿಸುವುದನ್ನೂ ಕಲಿಸುತ್ತಾರೆ. ಹೀಗಾಗಿ ಬುಟ್ಟಿಯನ್ನು ನೇರ ಔಷಧಿ ಅಂಗಡಿಗೆ ಒಯ್ದು ತೋರಿಸುವುದು ಬಹುಕಾಲದ ರೂಢಿ. ಒಂದೇ ಒಂದು ವಿಷದ ಅಣಬೆ ಬೆರೆತಿದ್ದರೂ ಬುಟ್ಟಿ ಪೂರ್ತಿ ಎಸೆಯಬೇಕು.

ಅದೇ ಹೊತ್ತಿಗೆ ಬೇಟೆಯ ಕಾಲವೂ ಶುರು: ಸೆಪ್ಟೆಂಬರಿನಿಂದ ಫೆಬ್ರವರಿ ಕೊನೆಯವರೆಗೆ. ದೇಶದಲ್ಲಿ ಸುಮಾರು 10 ಲಕ್ಷ ಬೇಟೆಗಾರರಿದ್ದಾರೆ. ಗುಂಪು ಬೇಟೆಯಲ್ಲಿ ಭಾಗವಹಿಸುವವರು ಹೊಳೆಯುವ ಕಿತ್ತಳೆ ಬಣ್ಣದ ಅಂಗಿ ತೊಡುವುದು 2019ರ ಕಾಯಿದೆಯಿಂದ ಕಡ್ಡಾಯ. ದಾರಿಯಂಚಿನಲ್ಲಿ ಬೇಟೆ ನಡೆಯುತ್ತಿದೆ ಎಂಬ ಫಲಕ ಕಂಡರೆ ನಡಿಗೆಗೆ ಹೋದವರು ಹಿಂದಿರುಗುವುದೇ ಲೇಸು. ಕಡುಗಂದು ಅಂಗಿ ತೊಟ್ಟು ಪೊದೆಯಲ್ಲಿ ಅಣಬೆ ಹುಡುಕುವುದು ಈ ಕಾಲದಲ್ಲಿ ದೊಡ್ಡ ತಪ್ಪು.

ಕೋಳಿ ಕೂಗಿದರೆ ದಾವೆ

ಹಳ್ಳಿ ನಿಶ್ಶಬ್ದವಾಗಿರುತ್ತದೆ ಎಂಬುದು ಪಟ್ಟಣದವರ ಭ್ರಮೆ. ನಸುಕಿಗೆ ಕೋಳಿ, ಆರೇಳಕ್ಕೆ ಚರ್ಚಿನ ಗಂಟೆ, ಸುಗ್ಗಿಯಲ್ಲಿ ನಡುರಾತ್ರಿಯವರೆಗೆ ಕಟಾವು ಯಂತ್ರ. ಒಲೆರೋನ್ ದ್ವೀಪದ ಮೋರಿಸ್ ಎಂಬ ಹುಂಜದ ಕೂಗಿನ ಮೇಲೆ ರಜೆಯ ಮನೆಯ ನೆರೆಯವರು ದಾವೆ ಹೂಡಿದರು. 2019ರ ಸೆಪ್ಟೆಂಬರಿನಲ್ಲಿ ರೋಶ್‌ಫೋರ್ ನ್ಯಾಯಾಲಯ ಹುಂಜದ ಪರವಾಗಿ ತೀರ್ಪಿತ್ತಿತು. ಇಂಥ ಜಗಳಗಳ ಹಿನ್ನೆಲೆಯಲ್ಲಿ 2021ರ ಜನವರಿ 29ರಂದು ಗ್ರಾಮೀಣ ಪ್ರದೇಶದ ಸದ್ದು ಮತ್ತು ವಾಸನೆಗಳನ್ನೂ ನಾಡಿನ ಪರಂಪರೆಯ ಭಾಗವೆಂದು ಗುರುತಿಸುವ ಕಾಯಿದೆ ಬಂತು. 2024ರ ಇನ್ನೊಂದು ಕಾಯಿದೆ ನೆರೆಯವರು ಬರುವ ಮೊದಲೇ ನಡೆಯುತ್ತಿದ್ದ ಕೃಷಿ ಚಟುವಟಿಕೆಗಳಿಗೆ ಷರತ್ತುಗಳೊಂದಿಗೆ ರಕ್ಷಣೆ ಕೊಟ್ಟಿತು.

ಇದರರ್ಥ ಯಾರು ಯಾವಾಗ ಬೇಕಾದರೂ ಸದ್ದು ಮಾಡಬಹುದೆಂದಲ್ಲ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಲವು ಜಿಲ್ಲೆಗಳಲ್ಲಿ ವೇಳೆ ನಿಗದಿಯಾಗಿದೆ. ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಎಂಬುದು ಸಾಮಾನ್ಯ ನಿಯಮ. ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ತೋಟದಲ್ಲಿ ಊಟಕ್ಕೆ ಕೂತಾಗ ಯಂತ್ರ ಗುರುಗುಟ್ಟಿಸಿದವರ ಹೆಸರು ಊರಿನಲ್ಲಿ ಬಹಳ ದಿನ ಉಳಿಯುತ್ತದೆ. ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಸೈರನ್ ಊಳಿಟ್ಟರೆ ಗಾಬರಿ ಬೇಡ. ಅಪಾಯದ ಸೈರನ್ನುಗಳನ್ನು ದೇಶದಾದ್ಯಂತ ಪರೀಕ್ಷಿಸುವ ಹೊತ್ತು ಅದು.

ಬೇರೆ ಹೊತ್ತಿನಲ್ಲಿ ಸೈರನ್ ಕೂಗಿದರೆ

ವೈದ್ಯರ ಕೊರತೆ ಈ ಊರುಗಳ ದೊಡ್ಡ ನೋವು. ನಿವೃತ್ತರಾದ ವೈದ್ಯರ ಜಾಗಕ್ಕೆ ಹೊಸಬರು ಬರುವುದಿಲ್ಲ. ಇದ್ದವರು ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಕಾಯಿಲೆ ಬರುವ ಮೊದಲೇ ವೈದ್ಯರನ್ನು ಹುಡುಕಿಟ್ಟುಕೊಳ್ಳಬೇಕು. ತುರ್ತಿಗೆ ವೈದ್ಯಕೀಯ ಸೇವೆಯ 15, ಅಗ್ನಿಶಾಮಕ ದಳದ 18, ಯುರೋಪಿಗೆಲ್ಲ ಒಂದೇ ಆದ 112 ಸಂಖ್ಯೆಗಳಿವೆ. ಫೋನಿನಲ್ಲಿ ವಿಳಾಸ ಹೇಳುವುದೇ ಹಿಂದೆ ದೊಡ್ಡ ತೊಡಕಾಗಿತ್ತು. ಚದುರಿದ ಮನೆಗಳಿಗೆ ಬೀದಿಯ ಹೆಸರೂ ಇಲ್ಲ, ಸಂಖ್ಯೆಯೂ ಇಲ್ಲ, ಆರು ಮನೆಗಳಿಗೆಲ್ಲ ಒಂದೇ ಹೊಲದ ಹೆಸರು. ಪಾರ್ಸೆಲ್ಲು ತಪ್ಪಿದರೆ ಸಹಿಸಬಹುದು, ಆಂಬುಲೆನ್ಸ್ ತಪ್ಪಿದರೆ ಜೀವವೇ ಹೋದೀತು. 2022ರ ಕಾಯಿದೆಯ ಪ್ರಕಾರ 2,000ಕ್ಕಿಂತ ಕಡಿಮೆ ಜನರ ಊರುಗಳೂ ಎಲ್ಲ ದಾರಿಗಳಿಗೆ ಹೆಸರಿಟ್ಟು, ಮನೆಗಳಿಗೆ ಸಂಖ್ಯೆ ಕೊಡಬೇಕು.

ಕರೆಗೆ ಓಗೊಟ್ಟು ಬರುವವರು ಬಹುಪಾಲು ಆ ಊರಿನವರೇ. ಫ್ರಾನ್ಸಿನ ಅಗ್ನಿಶಾಮಕರಲ್ಲಿ ಐವರಲ್ಲಿ ಸುಮಾರು ನಾಲ್ವರು ಸ್ವಯಂಸೇವಕರು. ಬೆಳಗ್ಗೆ ಹಾಲು ಕರೆದವರು, ಶಾಲೆಯಲ್ಲಿ ಪಾಠ ಹೇಳಿದವರು, ಬಡಗಿಗಳು, ದಾದಿಯರು ಸೊಂಟದ ಪೇಜರ್ ಗುಂಯ್ಗುಟ್ಟಿದರೆ ಕೈಲಿದ್ದ ಕೆಲಸ ಬಿಟ್ಟು ಠಾಣೆಗೆ ಧಾವಿಸುತ್ತಾರೆ. ಚಿಮಣಿಯ ಬೆಂಕಿ, ರಸ್ತೆಯ ಅಪಘಾತ, ಮೆಟ್ಟಿಲಲ್ಲಿ ಜಾರಿದ ಅಜ್ಜ, ನೆಲಮಾಳಿಗೆಗೆ ನುಗ್ಗಿದ ಮಳೆನೀರು ಎಲ್ಲಕ್ಕೂ ಅವರೇ ಬರಬೇಕು. ಸೋಮವಾರ ಬಾಗಿಲು ಹಾಕುವ ಬೇಕರಿಯವರೂ ರಾತ್ರಿ ಎರಡಕ್ಕೆ ಹೆಲ್ಮೆಟ್ ತೊಟ್ಟು ಹೊರಟಿರಬಹುದು. ಮಧ್ಯಾಹ್ನ ಎರಡು ಗಂಟೆ ಕಾಲ ಬಾಗಿಲು ಮುಚ್ಚುವ ಊರು ಅಂಥ ರಾತ್ರಿ ನಿದ್ದೆಗೆಟ್ಟು ಕಾಯುತ್ತದೆ.

ವರ್ಷದ ಕೊನೆಯಲ್ಲಿ ಈ ಸ್ವಯಂಸೇವಕರು ಮನೆಮನೆಗೆ ಬಂದು ತಮ್ಮ ಚಿತ್ರಗಳಿರುವ ಕ್ಯಾಲೆಂಡರ್ ಕೊಡುತ್ತಾರೆ. ಅದಕ್ಕೆ ಬೆಲೆ ಬರೆದಿರುವುದಿಲ್ಲ. ಪ್ರತಿ ಮನೆಯವರೂ ತಮ್ಮ ಶಕ್ತಿಗೆ ತಕ್ಕಷ್ಟು ಕೊಡುತ್ತಾರೆ. ಹೊಸಬರಿಗೂ ಒಂದು ಸಿಗುತ್ತದೆ. ಅದು ಅಡುಗೆಮನೆಯ ಗೋಡೆ ಏರುತ್ತದೆ. ಬ್ರೆಡ್ಡಿನ ವ್ಯಾನು ಬರುವ ದಿನ, ಸಂತೆಯ ವಾರ, ಸೌದೆ ತರಿಸುವ ತಿಂಗಳು, ಚಿಮಣಿ ಗುಡಿಸುವ ತಾರೀಖು ಎಲ್ಲವನ್ನೂ ಅವರು ಅದರ ಮೇಲೆಯೇ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳುತ್ತಾರೆ.